ಬೆಂಕಿ ಕಾಲಕ್ಕೆ ಮುಂಚೆ ಒಮ್ಮೆ ಊದಿ ನೋಡಿ

ಓದುಗರ ಪ್ರಶ್ನೆಗಳಿಗೆ ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿಯ ವೈದ್ಯೆಯೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಗೆಯ ಬಗ್ಗೆಯೇ ಇವೆ. ಸತ್ಯಮಂಗಲ ಕಾಡಿನ ಅಂಚಿನಲ್ಲಿ ಬೇಸಿಗೆ ಕಳೆದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಮೊದಲನೇ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಅದೇ ಪ್ರಶ್ನೆ ನಮ್ಮ ಸುತ್ತಲಿನ ಎಷ್ಟೋ ಮನೆಗಳಲ್ಲಿ ಇದೆ. ಕೇಳುವುದಕ್ಕೆ ಎಲ್ಲರೂ ಮುಂದೆ ಬರುವುದಿಲ್ಲ, ಅಷ್ಟೆ.

ಪ್ರಶ್ನೆ: ಡಾಕ್ಟ್ರಮ್ಮ, ನಮಸ್ಕಾರ. ನಮ್ಮೂರು ಹಾಸನೂರಿನ ಹತ್ತಿರ. ನಮ್ಮ ಯಜಮಾನರು ಬೇಸಿಗೆಯಲ್ಲಿ ಫಾರೆಸ್ಟ್‌ನವರ ಜತೆ ಫೈರ್ ವಾಚರ್ ಕೆಲಸಕ್ಕೆ ಹೋಗುತ್ತಾರೆ. ವಯಸ್ಸು 41. ಬೆಂಕಿ ಬಿದ್ದರೆ ಎರಡು ಮೂರು ದಿನ ಮನೆಗೇ ಬರುವುದಿಲ್ಲ. ಬಂದ ಮೇಲೆ ಕಪ್ಪು ಕಫ ಉಗಿಯುತ್ತಾರೆ. ಈ ವರ್ಷ ಮಳೆ ಬಿದ್ದು ಬೆಂಕಿ ನಿಂತರೂ ಕೆಮ್ಮು ಬಿಟ್ಟಿಲ್ಲ, ತಿಂಗಳಾಯಿತು. ಏರು ಹತ್ತುವಾಗ ಮೊದಲಿನ ಹಾಗೆ ಆಗುವುದಿಲ್ಲ ಅನ್ನುತ್ತಾರೆ. ಎಕ್ಸ್‌ರೇ ತೆಗೆಸಿದೆವು. ಏನೂ ಇಲ್ಲ, ಎಲ್ಲಾ ನಾರ್ಮಲ್ ಅಂದರು. ಬೀಡಿ ಸೇದುತ್ತಾರೆ, ದಿನಕ್ಕೆ ಒಂದು ಕಟ್ಟು. ಬೆಲ್ಲ ತಿಂದರೆ ಹೊಗೆ ಇಳಿಯುತ್ತೆ ಅಂತ ನಮ್ಮತ್ತೆ ದಿನಾ ಕೊಡುತ್ತಾರೆ. ನಾನು ಹೆದರಬೇಕಾ?

ಉತ್ತರ: ಹೆದರಬೇಡಿ ತಾಯಿ. ಆದರೆ ಸುಮ್ನೆ ಕೂರಬೇಡಿ. ಮೊದಲು ಮಾಡಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ವಾರ ದಾಟಿದ ಕೆಮ್ಮು ಯಾರಿಗೇ ಇರಲಿ, ಕಫ ಪರೀಕ್ಷೆ ಆಗಲೇಬೇಕು. ಹೊಗೆಯಿಂದ ಬಂದದ್ದು ಅಂತ ನಾವೇ ತೀರ್ಮಾನ ಮಾಡಿಕೊಂಡರೆ, ಕ್ಷಯ ಇದ್ದರೂ ಗೊತ್ತಾಗದೆ ಬೆಳೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೂ ಕಾಸಿಲ್ಲ, ಕ್ಷಯದ ಔಷಧಿಗೂ ಕಾಸಿಲ್ಲ. ಈ ವಾರವೇ ಕರೆದುಕೊಂಡು ಹೋಗಿ. ಸಂಜೆ ಹೊತ್ತು ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ನಾಳೆಯೇ ಹೋಗಿ.

ಈಗ ಹೊಗೆಯ ವಿಚಾರಕ್ಕೆ ಬರೋಣ.

ಕಪ್ಪು ಕಫ ನೋಡಿ ಮನೆಯವರು ಗಾಬರಿಯಾಗುತ್ತಾರೆ. ಅದು ನಿಂತ ಕೂಡಲೇ ಎಲ್ಲಾ ಸರಿಹೋಯಿತು ಅಂದುಕೊಳ್ಳುತ್ತಾರೆ. ಎರಡೂ ಸರಿಯಲ್ಲ. ಕಣ್ಣಿಗೆ ಕಾಣುವ ಮಸಿ, ಬೂದಿ ದೊಡ್ಡ ಕಣಗಳು. ಅವು ಮೂಗಿನಲ್ಲಿ, ಗಂಟಲಲ್ಲಿ, ಉಸಿರಿನ ದೊಡ್ಡ ಕೊಳವೆಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಆ ಕೊಳವೆಗಳ ಒಳಮೈಯಲ್ಲಿ ಸಣ್ಣ ಸಣ್ಣ ರೋಮಗಳಿವೆ. ಅವು ಮಸಿಯನ್ನು ಕಫದ ಜತೆ ಮೇಲಕ್ಕೆ ತಳ್ಳುತ್ತವೆ. ಕಪ್ಪು ಕಫ ಬರುತ್ತಿದೆ ಅಂದರೆ ದೇಹ ತನ್ನ ಕೆಲಸ ಮಾಡುತ್ತಿದೆ.

ನನಗೆ ಚಿಂತೆ ಇರುವುದು ಕಾಣದೆ ಇರುವ ಕಣದ ಬಗ್ಗೆ. ಪಿಎಂ 2.5 ಅಂತ ಪೇಪರಿನಲ್ಲಿ ಓದಿರುತ್ತೀರಿ. 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ ಅಂತ ಅರ್ಥ. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 50ರಿಂದ 70 ಮೈಕ್ರಾನ್. ಅಷ್ಟು ಸಣ್ಣದ್ದು ರೋಮಕ್ಕೂ ಸಿಗುವುದಿಲ್ಲ, ಕಫಕ್ಕೂ ಸಿಗುವುದಿಲ್ಲ. ನೇರವಾಗಿ ತಳದ ಗಾಳಿಚೀಲಗಳಿಗೆ ಇಳಿಯುತ್ತದೆ. ಉಸಿರು ರಕ್ತಕ್ಕೆ ಸೇರುವ ಜಾಗ ಅದು. ಅಲ್ಲಿ ಬಾವು ಬರುತ್ತದೆ. ಬಾವು ಮತ್ತೆ ಮತ್ತೆ ಬಂದರೆ ಕೊಳವೆಗಳು ಕಿರಿದಾಗುತ್ತವೆ. ಕಟ್ಟಿಗೆ ಹೊಗೆಯ ಬಹುಪಾಲು ಕಣಗಳು ಈ ಅಳತೆಯವೇ.

ದಿನವೊಂದರ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಇಂಥ ಕಣ 15 ಮೈಕ್ರೋಗ್ರಾಂ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 60. ಬೆಂಕಿಯ ಪಕ್ಕ ನಿಂತವರು ಉಸಿರಾಡುವ ಗಾಳಿಯಲ್ಲಿ ಇದು ನೂರುಗಳನ್ನು ದಾಟಿ ಸಾವಿರದ ಲೆಕ್ಕಕ್ಕೂ ಹೋಗುತ್ತದೆ. ಜತೆಗೆ ಇನ್ನೊಂದು ವಿಷಯ. ಸುಮ್ನೆ ಕೂತವರು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಹಸಿ ಸೊಪ್ಪಿನ ಕೊಂಬೆ ಹಿಡಿದು ಇಳಿಜಾರಿನಲ್ಲಿ ಬೆಂಕಿ ಬಡಿಯುವವರು 40 ಲೀಟರಿಗೂ ಜಾಸ್ತಿ ಎಳೆಯುತ್ತಾರೆ, ಅದೂ ಬಾಯಿಂದ. ಮೂಗಿನ ಜರಡಿಯೇ ಇಲ್ಲದ ಹಾಗಾಯಿತು. ರಸ್ತೆಯಲ್ಲಿ ಬಸ್ಸಿನೊಳಗೆ ಕೂತು ಅದೇ ಹೊಗೆ ಕುಡಿದವರಿಗೂ ನಿಮ್ಮ ಯಜಮಾನರಿಗೂ ಇರುವ ವ್ಯತ್ಯಾಸ ಇದು.

ಎಲ್ಲಕ್ಕಿಂತ ಕೆಟ್ಟ ಹೊಗೆ ಯಾವುದು ಗೊತ್ತಾ? ಜ್ವಾಲೆ ಎದ್ದು ಉರಿಯುವಾಗಿನದ್ದಲ್ಲ. ಜ್ವಾಲೆ ಆರಿದ ಮೇಲೆ ಬೊಡ್ಡೆ, ಕೊರಡು, ಒಣಗಿದ ಲಂಟಾನ ಪೊದೆಯ ಬುಡ ಒಳಗೊಳಗೇ ಹೊಗೆಯಾಡುತ್ತವಲ್ಲ, ಅದು. ಸರಿಯಾಗಿ ಉರಿಯದ ಕಟ್ಟಿಗೆ ಒಂದು ಕಿಲೋಗೆ ಬಿಡುವ ಸಣ್ಣ ಕಣವೂ ಜಾಸ್ತಿ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿಯೂ ಜಾಸ್ತಿ. ಬೆಂಕಿ ಮತ್ತೆ ಹತ್ತದ ಹಾಗೆ ಕೆಂಡ ಕೆದಕಿ, ಮಣ್ಣು ಮುಚ್ಚಿ, ಬೊಡ್ಡೆ ಹೊರಳಿಸುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ. ಆಗ ಅಪಾಯ ಮುಗಿಯಿತು ಅಂತ ಎಲ್ಲರೂ ಮುಖದ ಬಟ್ಟೆ ತೆಗೆದಿರುತ್ತಾರೆ. ನನ್ನ ಹತ್ತಿರ ಬರುವ ವಾಚರ್‌ಗಳನ್ನು ಕೇಳಿದಾಗ ತಲೆನೋವು, ವಾಕರಿಕೆ ಬಂದದ್ದು ಹೆಚ್ಚಾಗಿ ಈ ಕೆಲಸದಲ್ಲೇ ಅನ್ನುತ್ತಾರೆ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಬೇಸಿಗೆ ಶುರುವಾಗುವ ಮುಂಚೆ ಸಣ್ಣದಾಗಿ ಹಾಕುತ್ತಿದ್ದ ತರಗು ಬೆಂಕಿ ನೆಲದ ಒಣ ಎಲೆಯನ್ನಷ್ಟೇ ಸುಡುತ್ತಿತ್ತು ಅಂತ ಸೋಲಿಗರ ಹಿರಿಯರು ಹೇಳುತ್ತಾರೆ. ಕಾಯ್ದೆಗಳು ಬಂದ ಮೇಲೆ ಅದು ನಿಂತಿತು. ಲಂಟಾನ ಆಳೆತ್ತರ ಬೆಳೆಯಿತು. ಈಗ ಬೆಂಕಿ ಬಿದ್ದರೆ ಸುಡುವ ಸರಕೇ ಬೇರೆ, ಹೊಗೆಯ ದಪ್ಪವೇ ಬೇರೆ. ಅವರ ಮಾತನ್ನು ಕಾಡಿನ ವಿಚಾರ ನೋಡುವವರು ಗಂಭೀರವಾಗಿ ಕೇಳಿಸಿಕೊಳ್ಳಬೇಕು ಅಂತ ನನಗನ್ನಿಸುತ್ತದೆ. ಆ ಹೊಗೆ ಕುಡಿಯುವವರೂ ಹೆಚ್ಚಾಗಿ ಅವರ ಮಕ್ಕಳೇ ಅಲ್ವಾ?

ಇನ್ನು ಎಕ್ಸ್‌ರೇ. ಅದು ಶ್ವಾಸಕೋಶದ ಚಿತ್ರ ತೋರಿಸುತ್ತದೆ. ಗಾಳಿ ಎಷ್ಟು ಜೋರಾಗಿ ಹೊರಗೆ ಬರುತ್ತದೆ ಅನ್ನುವುದನ್ನು ತೋರಿಸುವುದಿಲ್ಲ. ಅದಕ್ಕೆ ಸ್ಪೈರೋಮೆಟ್ರಿ ಅನ್ನುವ ಊದುವ ಪರೀಕ್ಷೆ ಬೇಕು. ಉಸಿರು ಪೂರ್ತಿ ಎಳೆದುಕೊಂಡು ಒಂದು ಕೊಳವೆಯೊಳಗೆ ಜೋರಾಗಿ, ಕೊನೆಯವರೆಗೆ ಊದುವುದು. ಸೂಜಿ ಇಲ್ಲ, ನೋವಿಲ್ಲ. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಬಂತು, ಒಟ್ಟು ಎಷ್ಟು ಬಂತು ಅಂತ ಎರಡು ಅಂಕಿ ಸಿಗುತ್ತವೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಶ್ವಾಸಕೋಶ ವಿಭಾಗದಲ್ಲಿ ಇದನ್ನು ಮಾಡುತ್ತಾರೆ. ನಮ್ಮವರಿಗೆ ಚಾಮರಾಜನಗರ ಹತ್ತಿರ. ಈರೋಡು ಜಿಲ್ಲೆಯಲ್ಲಿ ಪೆರುಂದುರೈಯಲ್ಲಿದೆ, ಆದರೆ ದಿಂಬಂ ಘಾಟಿ ಇಳಿದು ಇಡೀ ದಿನ ಹೋಗುತ್ತದೆ. ರಿಪೋರ್ಟು ತಮಿಳಿನಲ್ಲಿರಲಿ ಇಂಗ್ಲಿಷಿನಲ್ಲಿರಲಿ, ಅಂಕಿ ಅಂಕಿಯೇ. ಕಾಗದ ಜೋಪಾನ ಮಾಡಿ.

ಆದರೆ ಆ ರಿಪೋರ್ಟಿನ ‘ನಾರ್ಮಲ್’ ಅನ್ನುವ ಪದವನ್ನು ನಂಬಿ ಮನೆಗೆ ಹೋಗಬೇಡಿ. ಈ ಅಂಕಣದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದ್ದು ಇದೇ. ಯಂತ್ರ ನಿಮ್ಮ ಯಜಮಾನರನ್ನು ಹೋಲಿಸುವುದು ಅವರ ವಯಸ್ಸಿನ, ಅವರ ಎತ್ತರದ ಸಾಮಾನ್ಯ ಗಂಡಸಿನ ಜತೆ. ದಿನಾ ಗುಡ್ಡ ಹತ್ತಿ ಇಳಿಯುವ ಗಂಡಸು ಸಾಮಾನ್ಯದವನಲ್ಲ. ಒಂದು ಲೆಕ್ಕ ಹಾಕೋಣ. ಒಬ್ಬರ ವಯಸ್ಸಿಗೂ ಎತ್ತರಕ್ಕೂ ಮೊದಲ ಸೆಕೆಂಡಿಗೆ 3 ಲೀಟರ್ ಇರಬೇಕು ಅಂತ ಯಂತ್ರ ಹೇಳುತ್ತದೆ ಅಂತಿಟ್ಟುಕೊಳ್ಳಿ. ಅವರ ನಿಜವಾದ ಶಕ್ತಿ 3.6 ಲೀಟರ್ ಇತ್ತು. ಹಲವು ಬೇಸಿಗೆ ಹೊಗೆ ಕುಡಿದ ಮೇಲೆ ಅದು 2.7ಕ್ಕೆ ಇಳಿಯಿತು. ಯಂತ್ರದ ಲೆಕ್ಕದಲ್ಲಿ ಇದು 90 ಪರ್ಸೆಂಟ್. ರಿಪೋರ್ಟಿನಲ್ಲಿ ನಾರ್ಮಲ್ ಅಂತ ಬರುತ್ತದೆ. ಆದರೆ ಆ ಮನುಷ್ಯ ತನ್ನ ಉಸಿರಿನ ಕಾಲು ಭಾಗ ಕಳೆದುಕೊಂಡಿದ್ದಾನೆ. ವಯಸ್ಸಾಗುತ್ತಾ ಎಲ್ಲರ ಉಸಿರೂ ವರ್ಷಕ್ಕೆ 25-30 ಮಿಲಿಲೀಟರ್ ಇಳಿಯುತ್ತದೆ. ಆ ಲೆಕ್ಕದಲ್ಲಿ 900 ಮಿಲಿಲೀಟರ್ ಅಂದರೆ ಮೂವತ್ತು ವರ್ಷದ ಇಳಿತ. ಏರಿನಲ್ಲಿ ಮೊದಲಿನ ಹಾಗೆ ಆಗುತ್ತಿಲ್ಲ ಅಂತ ಅವನು ಹೇಳಿದರೆ, ರಿಪೋರ್ಟು ಸರಿಯಿದೆಯಲ್ಲಪ್ಪಾ ಅಂತ ಕಳಿಸಿಬಿಡುತ್ತೇವೆ.

ಅದಕ್ಕೇ ನನ್ನ ಬೇಡಿಕೆ ಇಷ್ಟೆ. ಬೆಂಕಿ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರೂ ಜನವರಿಯಲ್ಲೇ, ಕಾಡು ಒಣಗುವ ಮುಂಚೆ, ಒಮ್ಮೆ ಊದಿ ಅಂಕಿ ಬರೆಸಿಟ್ಟುಕೊಳ್ಳಬೇಕು. ಮಳೆ ಹಿಡಿದ ಮೇಲೆ ಮತ್ತೊಮ್ಮೆ ಊದಬೇಕು. ತನ್ನ ಅಂಕಿಯನ್ನು ತನ್ನ ಹಳೆಯ ಅಂಕಿಯ ಜತೆಯೇ ಹೋಲಿಸಬೇಕು. ಕಾಳ್ಗಿಚ್ಚು ಆರಿಸುವವರ ಉಸಿರನ್ನು ಅಮೆರಿಕದಲ್ಲಿ ಹೀಗೆ ಸೀಸನ್ನಿನ ಮುಂಚೆ, ಆಮೇಲೆ ಅಳೆದ ಅಧ್ಯಯನಗಳಿವೆ. ಒಂದೇ ಪಾಳಿಯ ಕೊನೆಗೆ ಅಂಕಿ ಇಳಿದದ್ದೂ, ಇಡೀ ಸೀಸನ್ ಕಳೆದ ಮೇಲೆ ಇಳಿದೇ ಇದ್ದದ್ದೂ ಅವುಗಳಲ್ಲಿ ಕಂಡಿದೆ. 2016ರಲ್ಲಿ ಕೆನಡಾದ ಫೋರ್ಟ್ ಮೆಕ್‌ಮರ್ರೆ ಊರಿಗೆ ಕಾಳ್ಗಿಚ್ಚು ನುಗ್ಗಿದಾಗ ಆರಿಸಲು ಹೋದವರನ್ನು ಆಮೇಲೆ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರು. ಅವರಲ್ಲಿ ಅಸ್ತಮಾ ಕಾಣಿಸಿಕೊಂಡದ್ದು ಬೇರೆಯವರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಅಲ್ಲಿನವರ ಉಸಿರು ಇಳಿದದ್ದು ಗೊತ್ತಾದದ್ದು ಅಳೆದಿದ್ದರಿಂದ. ನಮ್ಮ ವಾಚರ್‌ಗಳದ್ದನ್ನು ಅಳೆಯದೆ ಇದ್ದರೆ, ಏನೂ ಆಗಿಲ್ಲ ಅಂತ ಅಂದುಕೊಳ್ಳುತ್ತೇವೆ.

ಹಳೆಯ ಅಂಕಿ ಇಲ್ಲದವರು ಈಗೇನು ಮಾಡಬೇಕು? ಈಗಲೇ ಊದಿಸಿ. ಇವತ್ತಿನದ್ದೇ ಮೊದಲ ಅಂಕಿ. ಊದಿದ ಗಾಳಿಯ ವೇಗ ಅಳೆಯುವ, ಪೀಕ್ ಫ್ಲೋ ಮೀಟರ್ ಅನ್ನುವ ಸಣ್ಣ ಪ್ಲಾಸ್ಟಿಕ್ ಕೊಳವೆ ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸ್ಪೈರೋಮೆಟ್ರಿಯಷ್ಟು ನಿಖರ ಅಲ್ಲ, ಆದರೆ ಮನೆಯಲ್ಲೇ ದಿನಾ ಊದಬಹುದು. ನಿಂತುಕೊಂಡು ಮೂರು ಸಲ ಊದಿ ದೊಡ್ಡ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಚೆನ್ನಾಗಿದ್ದಾಗಿನ ಅಂಕಿಗಿಂತ ಐದರಲ್ಲಿ ಒಂದು ಪಾಲು ಇಳಿದರೆ ಡಾಕ್ಟರ ಹತ್ತಿರ ಹೋಗಬೇಕು. ಒಂದು ಬೀಟಿಗೆ (ಒಬ್ಬ ಗಾರ್ಡ್ ನೋಡಿಕೊಳ್ಳುವ ಕಾಡಿನ ಪಾಲಿಗೆ) ಒಂದು ಮೀಟರ್ ಇಟ್ಟು, ಬಾಯಿಗಿಡುವ ತುಂಡು ಮಾತ್ರ ಒಬ್ಬೊಬ್ಬರಿಗೆ ಬೇರೆ ಬೇರೆ ಕೊಟ್ಟರೂ ಸಾಕು. ಇಲಾಖೆಯ ಅಧಿಕಾರಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮುಂದಿನ ಬೇಸಿಗೆಗೆ ಬ್ಲೋವರ್, ಬೂಟು ತರಿಸುವ ಪಟ್ಟಿಯಲ್ಲಿ ಇದನ್ನೂ ಸೇರಿಸಿ.

ಪರೀಕ್ಷೆಯಲ್ಲಿ ಕೊಳವೆ ಕಿರಿದಾಗಿದೆ ಅಂತ ಬಂದರೆ ಇನ್ಹೇಲರ್ ಬರೆಯುತ್ತಾರೆ. ಅದು ಕೊನೆಯ ಔಷಧಿ, ಶುರು ಮಾಡಿದರೆ ಬಿಡುವ ಹಾಗಿಲ್ಲ ಅನ್ನುವ ಭಯ ನಮ್ಮ ಕಡೆ ತುಂಬಾ ಇದೆ. ಹಾಗಲ್ಲ. ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಇಡೀ ಮೈ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಇನ್ಹೇಲರಿನ ಔಷಧಿ ನೇರವಾಗಿ ಅಲ್ಲಿಗೇ ಹೋಗುತ್ತದೆ, ಸ್ವಲ್ಪವೇ ಸಾಕಾಗುತ್ತದೆ. ಹೇಗೆ ಎಳೆದುಕೊಳ್ಳಬೇಕು ಅನ್ನುವುದನ್ನು ಮಾತ್ರ ಡಾಕ್ಟರ ಮುಂದೆಯೇ ಮಾಡಿ ತೋರಿಸಿ ಕಲಿಯಲು ಹೇಳಿ.

ಬೀಡಿಯ ಬಗ್ಗೆ ನಿಮ್ಮ ಯಜಮಾನರಿಗೇ ಹೇಳುತ್ತೇನೆ, ಓದಿ ಹೇಳಿ. ಅಣ್ಣಾ, ಕಾಡಿನ ಹೊಗೆ ನಿಮ್ಮ ಕೈಯಲ್ಲಿಲ್ಲ. ಬೀಡಿಯದ್ದು ನಿಮ್ಮ ಕೈಯಲ್ಲಿದೆ. ಮಸಿ ಮೇಲಕ್ಕೆ ತಳ್ಳುವ ರೋಮಗಳ ಬಗ್ಗೆ ಬರೆದೆನಲ್ಲ, ಬೀಡಿ ಹೊಗೆ ಮೊದಲು ಕೆಡಿಸುವುದು ಅವುಗಳನ್ನೇ. ಕಾಡಿನ ಮಸಿ ಹೊರಗೆ ಬರಬೇಕಾದ ದಾರಿಯನ್ನು ಬೀಡಿ ಮುಚ್ಚುತ್ತದೆ. ಬಿಟ್ಟ ಕೆಲವು ವಾರಗಳಲ್ಲೇ ಅವು ಚೇತರಿಸಿಕೊಳ್ಳಲು ಶುರು ಮಾಡುತ್ತವೆ. ಶುರುವಿನಲ್ಲಿ ಕೆಮ್ಮು ಇನ್ನೂ ಜಾಸ್ತಿ ಅನ್ನಿಸಬಹುದು. ಅದನ್ನು ನೋಡಿ ಮತ್ತೆ ಹಚ್ಚಬೇಡಿ.

ಬೆಲ್ಲ ಗಂಟಲಿಗೆ ಹಿತ, ದಣಿದ ಮೈಗೆ ಬಲ. ಶುಗರ್ ಇಲ್ಲದಿದ್ದರೆ ತಿನ್ನಲಿ, ಅತ್ತೆಯ ಮನಸ್ಸು ನೋಯಿಸಬೇಡಿ. ಆದರೆ ತಿಂದದ್ದು ಹೋಗುವುದು ಹೊಟ್ಟೆಗೆ. ಶ್ವಾಸಕೋಶದ ಹೊಗೆಯನ್ನು ಅದು ಇಳಿಸುವುದಿಲ್ಲ. ಅವರು ಕಾಡಿನಿಂದ ಬಂದ ದಿನ ಬಟ್ಟೆ ಹೊರಗೇ ಬಿಚ್ಚಿ, ತಲೆಗೂ ಸ್ನಾನ ಮಾಡಲಿ. ಒಲೆ ಹೊಗೆಯ ಪಕ್ಕ ಮಲಗುವುದು ಬೇಡ. ಆ ಮಾತು ನಿಮಗೂ ಸೇರಿಸಿ ಹೇಳಿದ್ದು ತಾಯಿ. ಕಟ್ಟಿಗೆ ಒಲೆಯ ಮುಂದೆ ವರ್ಷವಿಡೀ ಕೂರುವ ಹೆಂಗಸರ ಉಸಿರು ಕೆಟ್ಟದ್ದನ್ನು ನಾನು ವಾಚರ್‌ಗಳಷ್ಟೇ ನೋಡಿದ್ದೇನೆ. ಅವರ ಜತೆ ಹೋದಾಗ ನೀವೂ ಒಮ್ಮೆ ಊದಿ.

ಪ್ರಶ್ನೆ: ಮೇಡಂ, ನಾನು ತಲಮಲೆ ಕಡೆಯವನು. ನಮ್ಮ ಗುಂಪಿನವರು ಬೆಂಕಿ ಆರಿಸುವಾಗ ಟವೆಲ್ ಒದ್ದೆ ಮಾಡಿ ಮುಖಕ್ಕೆ ಕಟ್ಟುತ್ತೇವೆ. ಹೊಗೆ ತಡೆಯುತ್ತೆ ಅನ್ನಿಸುತ್ತೆ. ಕೊರೊನಾ ಟೈಮಿನ ಮಾಸ್ಕ್ ಹಾಕಿದರೆ ಉಸಿರೇ ಕಟ್ಟುತ್ತೆ. ಯಾವುದು ಒಳ್ಳೆಯದು?

ಉತ್ತರ: ಒದ್ದೆ ಟವೆಲ್ ಬೂದಿ ತಡೆಯುತ್ತದೆ, ಮುಖ ತಂಪಾಗಿಡುತ್ತದೆ. ಅದಕ್ಕೇ ಹೊಗೆ ಕಡಿಮೆಯಾದ ಹಾಗೆ ಅನ್ನಿಸುವುದು. ಮೇಲೆ ಹೇಳಿದ ಸಣ್ಣ ಕಣಕ್ಕೆ ಆ ನೂಲಿನ ಸಂದು ದೊಡ್ಡ ಬಾಗಿಲು. ಬಿಸಿ ಗಾಳಿ ಹೊಡೆದರೆ ಬಟ್ಟೆಯ ನೀರು ಹಬೆಯಾಗಿ ಮುಖ ಸುಡುವ ಅಪಾಯವೂ ಇದೆ. ಕಟ್ಟುವುದೇ ಆದರೆ ಒಣ ಹತ್ತಿ ಬಟ್ಟೆ ಕಟ್ಟಿ. ಪಾಲಿಯೆಸ್ಟರ್ ಬೇಡವೇ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಸಣ್ಣ ಕಣ ತಡೆಯುವುದು ಎನ್95 ಮಾಸ್ಕ್. ನಮ್ಮ ದೇಶದ ಗುರುತಿನಲ್ಲಾದರೆ ಐಎಸ್ 9473, ಎಫ್‌ಎಫ್‌ಪಿ2 ಅಂತ ಅಚ್ಚಾಗಿರಬೇಕು. ಆಸ್ಪತ್ರೆಯಲ್ಲಿ ಹಾಕುವ ನೀಲಿ ಮಾಸ್ಕ್ ಅಲ್ಲ. ಅದರ ಪಕ್ಕಗಳಿಂದಲೇ ಹೊಗೆ ನುಗ್ಗುತ್ತದೆ. ಎನ್95 ಕೂಡ ಮುಖಕ್ಕೆ ಅಂಟಿ ಕೂತರೆ ಮಾತ್ರ ಕೆಲಸ ಮಾಡುತ್ತದೆ. ಎರಡು ಪಟ್ಟಿಯೂ ತಲೆಯ ಹಿಂದೆ ಹೋಗಬೇಕು, ಮೂಗಿನ ಮೇಲಿನ ತಂತಿ ಒತ್ತಿರಬೇಕು. ಗಡ್ಡ ಇದ್ದರೆ ಆ ಸಂದಿನಲ್ಲೇ ಹೊಗೆ ಬರುತ್ತದೆ. ಬೆಂಕಿ ಕಾಲದಲ್ಲಿ ಗಡ್ಡ ಬೋಳಿಸಿ. ಒದ್ದೆಯಾದರೆ, ಉಸಿರೆಳೆಯಲು ಭಾರವಾದರೆ ಹೊಸದು ಹಾಕಿ.

ಉಸಿರು ಕಟ್ಟುತ್ತೆ ಅಂದಿರಿ. ಆ ಮಾತು ಸುಳ್ಳಲ್ಲ. ಬಿಸಿಲಿನಲ್ಲಿ, ಏರಿನಲ್ಲಿ, ಬೆಂಕಿ ಬಡಿಯುತ್ತಾ ಅದನ್ನು ಹಾಕಿಕೊಂಡು ಓಡಾಡಲು ಆಗುವುದಿಲ್ಲ. ಜ್ವಾಲೆಯ ಹತ್ತಿರ ಹಾಕಲೂ ಬಾರದು, ಅದೂ ಪ್ಲಾಸ್ಟಿಕ್ ಎಳೆಯದ್ದೇ, ಕರಗುತ್ತದೆ. ಪಟ್ಟಣದ ಫೈರ್ ಸ್ಟೇಷನ್ನಿನವರು ಬೆನ್ನಿಗೆ ಗಾಳಿ ಸಿಲಿಂಡರ್ ಹೊತ್ತು ಕಟ್ಟಡದೊಳಗೆ ನುಗ್ಗುತ್ತಾರೆ. ಅದರ ಗಾಳಿ ಅರ್ಧ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ದಿನಗಟ್ಟಲೆ ಕಾಡು ಸುತ್ತುವವರಿಗೆ ಅದು ಆಗುವ ಮಾತಲ್ಲ. ಅಮೆರಿಕದಲ್ಲೂ ಕಾಡು ಬೆಂಕಿಯವರು ಬಹಳ ವರ್ಷ ಬರೀ ಕರವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡಿದರು.

ಹಾಗಾಗಿ ಎನ್95 ಅನ್ನು ಕಿಸೆಯಲ್ಲಿ ಒಣ ಕವರಿನೊಳಗೆ ಇಟ್ಟುಕೊಂಡಿರಿ. ಜ್ವಾಲೆ ಆರಿ, ಕೆಂಡ ಕೆದಕುವ, ಬೊಡ್ಡೆ ಮುಚ್ಚುವ, ಕಾವಲು ಕೂರುವ ಹೊತ್ತಿಗೆ ಹಾಕಿಕೊಳ್ಳಿ. ಆಗ ಹೊಗೆ ಕೆಟ್ಟದ್ದು, ಉಸಿರಿನ ಓಟ ಕಡಿಮೆ. ಮಾಸ್ಕ್ ಅಲ್ಲಿಗೆ ಸರಿಹೊಂದುತ್ತದೆ. ಜೀಪಿನಲ್ಲಿ ಹೊಗೆಯೊಳಗೆ ಹೋಗಿ ಬರುವಾಗಲೂ ಹಾಕಿ.

ಮಾಸ್ಕಿಗಿಂತ ದೊಡ್ಡ ರಕ್ಷಣೆ ಹೊಗೆಯಿಂದ ಆಚೆ ಇರುವುದು. ಇದು ನಿಮ್ಮೊಬ್ಬರ ಕೈಲಾಗುವುದಲ್ಲ, ಗುಂಪು ನಡೆಸುವವರು ಮಾಡಬೇಕಾದ್ದು. ಗಾಳಿ ಬೀಸುವ ಕಡೆ ಹೊಗೆಯೆದುರು ನಿಲ್ಲುವ ಪಾಳಿ ಒಬ್ಬರಿಗೇ ಬೀಳಬಾರದು. ಹೊತ್ತು ಹೊತ್ತಿಗೆ ಬದಲಾಯಿಸಬೇಕು. ದಾರಿಯಿಂದಲೂ, ಬೆಂಕಿ ದಾಟದ ಹಾಗೆ ಗಿಡ ಸವರಿದ ಪಟ್ಟಿಯಾದ ಬೆಂಕಿ ಲೈನಿನಿಂದಲೂ ದೂರ ಇರುವ ಬೊಡ್ಡೆ ತಾನಾಗಿ ಉರಿದು ಹೋಗುವಂತಿದ್ದರೆ ಸುಮ್ನೆ ಅದರ ಮುಂದೆ ಜನ ನಿಲ್ಲಿಸಬಾರದು. ರಾತ್ರಿ ತಣ್ಣಗಿನ ಗಾಳಿ ತಗ್ಗಿನಲ್ಲಿ ಕೂರುತ್ತದೆ, ಹೊಗೆಯೂ ಅದರ ಜತೆ ಹಳ್ಳಕ್ಕೆ ಇಳಿದು ಬೆಳಗಿನವರೆಗೆ ನಿಲ್ಲುತ್ತದೆ. ನೀರು ಹತ್ತಿರ ಅಂತ ಹಳ್ಳದ ಪಕ್ಕ ಮಲಗುವುದು ವಾಡಿಕೆ. ಆಗ ಹಗಲೆಲ್ಲಾ ಕುಡಿದ ಹೊಗೆಯನ್ನೇ ರಾತ್ರಿಯೂ ಕುಡಿಯುತ್ತೀರಿ. ಆನೆ ದಾರಿ ನೋಡಿಕೊಂಡು ಸ್ವಲ್ಪ ಎತ್ತರದಲ್ಲಿ, ಗಾಳಿ ಬರುವ ಕಡೆ ಮಲಗಿ. ದೇಹ ಚೇತರಿಸಿಕೊಳ್ಳುವುದು ಹೊಗೆಯಿಲ್ಲದ ಆ ಕೆಲವು ಗಂಟೆಗಳಲ್ಲಿ.

ಪ್ರಶ್ನೆ: ಬೆಂಕಿ ಕೆಲಸದಿಂದ ಬಂದ ನಮ್ಮಪ್ಪನಿಗೆ ವಿಪರೀತ ತಲೆನೋವು, ವಾಂತಿ. ಮನೆಯಲ್ಲಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 98 ತೋರಿಸಿತು. ಆಮ್ಲಜನಕ ಸರಿಯಿದೆ ಅಂತ ಮಲಗಿಸಿದೆವು. ಬೆಳಿಗ್ಗೆ ಸರಿಹೋದರು. ಹೀಗಾದಾಗ ಆಸ್ಪತ್ರೆಗೆ ಹೋಗಬೇಕಾ?

ಉತ್ತರ: ಹೋಗಬೇಕು, ತಡಮಾಡದೆ. ಅಪ್ಪ ಸುಧಾರಿಸಿಕೊಂಡದ್ದು ಸಂತೋಷ. ಆದರೆ ಆ ಅಂಕಿಯನ್ನು ಈ ಸಂದರ್ಭದಲ್ಲಿ ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬೆರಳಿಗೆ ಹಾಕುವ ಯಂತ್ರಕ್ಕೆ ರಕ್ತದ ಕೆಂಪು ಮಾತ್ರ ಗೊತ್ತು. ಅಂಟಿರುವುದು ಆಮ್ಲಜನಕವೋ ಈ ವಿಷಗಾಳಿಯೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಉಸಿರು ಕಟ್ಟುತ್ತಿರುವ ಮನುಷ್ಯನಿಗೂ 98 ಅಂತ ತೋರಿಸಬಹುದು.

ಹೊಗೆಯಲ್ಲಿದ್ದವರಿಗೆ ತಲೆನೋವು, ವಾಂತಿ, ತಲೆಸುತ್ತು, ಮಾತು ತೊದಲುವುದು, ಮಂಕಾಗುವುದು ಕಂಡರೆ ಮೊದಲು ಹೊಗೆಯಿಂದ ಆಚೆ ತನ್ನಿ. 108ಕ್ಕೆ ಫೋನ್ ಮಾಡಿ. ಹೊಗೆಯಲ್ಲಿದ್ದರು ಅನ್ನುವುದನ್ನು ಮೊದಲ ಮಾತಿಗೇ ಹೇಳಿ. ಬರೀ ಗಾಳಿಯಲ್ಲಿ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆಗೆ ಇಳಿಯುತ್ತದೆ. ಎನ್95 ಈ ಗಾಳಿಯನ್ನು ತಡೆಯುವುದಿಲ್ಲ. ಅದನ್ನು ಹಾಕಿದ್ದೇನಲ್ಲ ಅಂತ ತಲೆನೋವು ತಡೆದುಕೊಂಡು ಹೊಗೆಯಲ್ಲೇ ನಿಂತವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನೆ: ನಾನು ದೆಂಕಣಿಕೋಟೆಯವನು. ಬೆಂಕಿ ಆರಿಸುವ ಕೆಲಸದಿಂದ ಕ್ಯಾನ್ಸರ್ ಬರುತ್ತೆ ಅಂತ ಓದಿದೆ. ನಾನು ಎಂಟು ಬೇಸಿಗೆ ಈ ಕೆಲಸ ಮಾಡಿದ್ದೇನೆ. ಸಣ್ಣ ಮಕ್ಕಳಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಏನಾದರೂ ಸ್ಕ್ಯಾನ್ ಮಾಡಿಸಬೇಕಾ?

ಉತ್ತರ: ನಿಮ್ಮ ಚಿಂತೆ ಅರ್ಥವಾಗುತ್ತದೆ. ನೀವು ಓದಿದ್ದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಅಗ್ನಿಶಾಮಕ ಕೆಲಸವನ್ನು ಕ್ಯಾನ್ಸರ್ ತರುವ ಕೆಲಸ ಅಂತ ಮೊದಲನೇ ಗುಂಪಿಗೆ ಸೇರಿಸಿತು. ಅದರಲ್ಲಿ ಕಾಡು ಬೆಂಕಿಯವರೂ ಸೇರುತ್ತಾರೆ. ಆದರೆ ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅನ್ನುವುದನ್ನು. ಅಪಾಯ ಎಷ್ಟು ದೊಡ್ಡದು ಅನ್ನುವುದನ್ನಲ್ಲ. ಪುರಾವೆ ಗಟ್ಟಿಯಾಗಿ ಕಂಡದ್ದು ಮೂತ್ರಕೋಶದ ಕ್ಯಾನ್ಸರಿಗೆ ಮತ್ತು ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮಾ ಅನ್ನುವುದಕ್ಕೆ. ಈ ಎರಡನೆಯದು ಮುಖ್ಯವಾಗಿ ಹಳೆಯ ಕಟ್ಟಡಗಳ ಕಲ್ನಾರಿನಿಂದ, ಅಂದರೆ ಆಸ್ಬೆಸ್ಟಾಸ್‌ನಿಂದ, ಬರುವಂಥದ್ದು.

ಕಾಡು ಬೆಂಕಿಯವರ ಬಗ್ಗೆಯೇ ಅಮೆರಿಕದ ಸಂಶೋಧಕರು 2019ರಲ್ಲಿ ಒಂದು ಅಂದಾಜು ಮಾಡಿದರು. 5ರಿಂದ 25 ವರ್ಷ ಈ ಕೆಲಸ ಮಾಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ 8ರಿಂದ 43 ಪರ್ಸೆಂಟ್ ಹೆಚ್ಚು, ಹೃದಯ ರಕ್ತನಾಳದ ಕಾಯಿಲೆಯಿಂದ 16ರಿಂದ 30 ಪರ್ಸೆಂಟ್ ಹೆಚ್ಚು ಅಂತ. ಈ ಅಂಕಿ ಓದಿ ನೂರರಲ್ಲಿ 43 ಜನಕ್ಕೆ ಕ್ಯಾನ್ಸರ್ ಅಂತ ತಿಳಿಯಬೇಡಿ. ಸಾವಿರ ಜನರಲ್ಲಿ 10 ಜನಕ್ಕೆ ಬರುವ ಕಡೆ 14 ಜನಕ್ಕೆ ಬಂದರೆ ಅದು ಸುಮಾರು 40 ಪರ್ಸೆಂಟ್ ಹೆಚ್ಚು. ಅಲ್ಲಿ ಒಂದು ವರ್ಷಕ್ಕೆ 49 ದಿನ, 98 ದಿನ ಬೆಂಕಿಯಲ್ಲಿದ್ದವರ ಲೆಕ್ಕ ಹಿಡಿದಿದ್ದಾರೆ. ನಿಮ್ಮ ದಿನಗಳನ್ನು ನೀವೇ ಒಂದು ಪುಸ್ತಕದಲ್ಲಿ ಬರೆದಿಡಿ. ಯಾವ ತಾರೀಕು, ಎಲ್ಲಿ, ಎಷ್ಟು ಹೊತ್ತು ಅಂತ. ದಿನಗೂಲಿಯವರ ಹೊಗೆಯ ಲೆಕ್ಕ ಇಡುವವರು ಬೇರೆ ಯಾರೂ ಇಲ್ಲ. ಮುಂದೆ ಕಾಯಿಲೆ ಬಂದು ಪರಿಹಾರ ಕೇಳಬೇಕಾದರೆ ಆ ಪುಸ್ತಕ ಕೈಯಲ್ಲಿರಬೇಕು.

ಏನೂ ತೊಂದರೆ ಇಲ್ಲದೆ ಸ್ಕ್ಯಾನ್ ಬೇಡ. ತಂಬಾಕು ಇದ್ದರೆ ಬಿಡಿ. ಬಿಪಿ ನೋಡಿಸಿ. ಹೃದಯದ ಆ ಅಂಕಿಯನ್ನು ಯಾರೂ ಗಮನಿಸುವುದಿಲ್ಲ, ಎದೆನೋವು ಬಂದರೆ ಗ್ಯಾಸ್ ಅಂದುಕೊಂಡು ಬಿಡುತ್ತಾರೆ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಒಂದೇ ಸಲ ಕಂಡಿದ್ದರೂ ಡಾಕ್ಟರಿಗೆ ತೋರಿಸಿ. ಮಸಿಯ ಬಟ್ಟೆ ಮಕ್ಕಳ ಬಟ್ಟೆಯ ಜತೆ ತೊಳೆಯಬೇಡಿ. ನಿದ್ದೆ ಎರಡು ವಾರವಾದರೂ ಸರಿಹೋಗದಿದ್ದರೆ ಅದಕ್ಕೂ ಡಾಕ್ಟರ ಹತ್ತಿರ ಹೋಗಿ. ಅದೂ ಚಿಕಿತ್ಸೆ ಇರುವ ತೊಂದರೆಯೇ.

ಪ್ರಶ್ನೆ: ನನ್ನ ಮಗನಿಗೆ 19. ಚಿಕ್ಕಂದಿನಲ್ಲಿ ಉಬ್ಬಸ ಇತ್ತು, ಈಗಲೂ ಚಳಿಯಲ್ಲಿ ಎದೆ ಸುಯ್ ಅನ್ನುತ್ತೆ. ಮುಂದಿನ ಬೇಸಿಗೆಗೆ ಫೈರ್ ವಾಚರ್ ಕೆಲಸಕ್ಕೆ ಹೆಸರು ಕೊಡುತ್ತೇನೆ ಅನ್ನುತ್ತಾನೆ. ಕಳಿಸಲಾ?

ಉತ್ತರ: ಬೆಂಕಿ ಬಡಿಯುವ ಕೆಲಸಕ್ಕೆ ಕಳಿಸಬೇಡಿ. ಈಗಲೂ ಎದೆ ಸುಯ್ ಅನ್ನುತ್ತಿದೆ ಅಂದರೆ ಉಬ್ಬಸ ಹೋಗಿಲ್ಲ. ದಟ್ಟ ಹೊಗೆಯಲ್ಲಿ ಜೋರು ದಮ್ಮು ಬಂದರೆ ಕಾಡಿನೊಳಗಿಂದ ಆಸ್ಪತ್ರೆಗೆ ತರುವಷ್ಟರಲ್ಲಿ ಹೊತ್ತು ಮೀರಬಹುದು. ಆದರೆ ಹುಡುಗನ ಆಸೆ ಒಳ್ಳೆಯದು, ಅದನ್ನು ಚಿವುಟಬೇಡಿ. ಬೆಂಕಿ ಕಾಲದಲ್ಲಿ ಹೊಗೆಯಿಂದ ದೂರದ ಕೆಲಸಗಳೂ ಇವೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಉಪಗ್ರಹಕ್ಕೆ ಕಂಡ ಬೆಂಕಿಯ ಜಾಗವನ್ನು ಮೊಬೈಲಿಗೆ ಕಳಿಸುತ್ತದೆ. ಅದನ್ನು ನೋಡಿ, ಯಾವ ಗುಂಪು ಹತ್ತಿರವಿದೆ ಅಂತ ವೈರ್‌ಲೆಸ್ಸಿನಲ್ಲಿ ತಿಳಿಸುವವರು ಬೇಕು. ಜನವರಿಯಲ್ಲಿ ಬೆಂಕಿ ಲೈನ್ ಸವರುವ ಕೆಲಸ ಇರುತ್ತದೆ, ಆಗ ಹೊಗೆ ಇರುವುದಿಲ್ಲ. ಸವರಿದ್ದನ್ನು ಸುಡುವ ದಿನ ಮಾತ್ರ ಅವನು ಅಲ್ಲಿರಬಾರದು. ಅದಕ್ಕೂ ಮುಂಚೆ ಅವನನ್ನು ಕರೆದುಕೊಂಡು ಹೋಗಿ ಊದಿಸಿ, ಉಬ್ಬಸಕ್ಕೆ ಸರಿಯಾದ ಇನ್ಹೇಲರ್ ಶುರು ಮಾಡಿಸಿ. ರೇಂಜ್ ಆಫೀಸಿನಲ್ಲಿ ಹೆಸರು ಕೊಡುವಾಗ ಉಬ್ಬಸ ಇದೆ ಅನ್ನುವುದನ್ನು ಮುಚ್ಚಿಡಬೇಡಿ, ಆ ಡಾಕ್ಟರ ಚೀಟಿಯನ್ನೂ ಜತೆಗೆ ಕೊಡಿ.